ಟೈಬೀರಿಯಸನ ಬೆಳ್ಳಿ ನಾಣ್ಯ: ಹಿಂಬದಿಯಲ್ಲಿ ಕುಳಿತಿರುವ ಹೆಂಗಸು ಯಾರು?

ನಿವೃತ್ತ ಕ್ಯಾಷಿಯರ್ (ಪ್ರಶ್ನೆ)

ಮೂವತ್ತೊಂದು ವರ್ಷ ಬ್ಯಾಂಕಿನ ಗಾಜಿನ ಹಿಂದೆ ಕುಳಿತು ಹಣ ಎಣಿಸಿದವನು ನಾನು. ನಾಣ್ಯವೆಂದರೆ ನನಗೆ ತೂಕ, ಎಣಿಕೆ ಮತ್ತು ಬಾಯಿ ಕಟ್ಟಿದ ಚೀಲ. ಅದರ ಮೇಲಿನ ಚಿತ್ರವನ್ನು ನೆಟ್ಟಗೆ ನೋಡಿದ್ದು ಖೋಟಾ ಇರಬಹುದೆಂಬ ಅನುಮಾನ ಬಂದಾಗ ಮಾತ್ರ. ಈಗ ಅರವತ್ತೆಂಟನೆಯ ವಯಸ್ಸಿನಲ್ಲಿ ಒಂದೇ ಒಂದು ನಾಣ್ಯ ನನ್ನ ನಿದ್ದೆ ಕೆಡಿಸಿದೆ.

ಮಗಳು ಫ್ರಾನ್ಸಿನ ಲಿಯೋನ್ ನಗರದಲ್ಲಿದ್ದಾಳೆ. ಕಳೆದ ಚಳಿಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಎರಡು ತಿಂಗಳು ಅಲ್ಲಿದ್ದೆವು. ಹೊರಡುವ ಹಿಂದಿನ ದಿನ ಅವಳು ಒಂದು ಪುಟ್ಟ ಡಬ್ಬಿ ಕೈಗಿತ್ತು, ‘ಅಪ್ಪಾ, ಇದನ್ನು ಎಣಿಸಿ ನೋಡೋಣ’ ಎಂದಳು. ಒಳಗೆ ಒಂದು ಬೆಳ್ಳಿ ನಾಣ್ಯ, ಅಂಗಡಿಯ ರಸೀದಿ, ಒಂದು ಪ್ರಮಾಣಪತ್ರ. ರೋಮ್ ಸಾಮ್ರಾಟ ಟೈಬೀರಿಯಸನ ಡಿನೇರಿಯಸ್. ಟಂಕಿಸಿದ ಸ್ಥಳ ಲುಗ್ಡುನಮ್, ಅಂದರೆ ಅದೇ ಲಿಯೋನ್. ಅವಳ ಮನೆಯಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲಿ ಹುಟ್ಟಿದ ಹಣ! ವಿಮಾನ ನಿಲ್ದಾಣದಲ್ಲಿ ಕಾಗದಪತ್ರದ ತಲೆನೋವು ಬೇಡವೆಂದು ನಾಣ್ಯವನ್ನು ಅಲ್ಲಿಯೇ ಬಿಟ್ಟು ಬಂದೆ. ನನ್ನ ಬಳಿ ಇರುವುದು ಫೋಟೋಗಳು ಮತ್ತು ಡೈರಿಯಲ್ಲಿ ಬರೆದುಕೊಂಡ ವಿವರ.

ತೂಕ ರಸೀದಿಯ ಪ್ರಕಾರ 3.71 ಗ್ರಾಂ. ಅಗಲ ನಮ್ಮ ಹಳೆಯ ನಾಲ್ಕಾಣೆಗಿಂತ ತುಸು ಕಡಿಮೆ. ಮುಂಬದಿಯಲ್ಲಿ ಬಲಕ್ಕೆ ತಿರುಗಿದ ಮುಖ, ತಲೆಗೆ ಎಲೆಗಳ ಕಿರೀಟ, ಬಿಗಿಯಾಗಿ ಮುಚ್ಚಿದ ಬಾಯಿ. ಸಾಲ ಕೇಳಲು ಹೋದರೆ ಖಂಡಿತ ಕೊಡದ ಮ್ಯಾನೇಜರನ ಮುಖ. ಕೆನ್ನೆಯ ಮೇಲೆ ಉಗುರು ಒತ್ತಿದಂತೆ ಅರ್ಧಚಂದ್ರಾಕಾರದ ಒಂದು ಗುಳಿ. ಹಿಂಬದಿಯಲ್ಲಿ ಕುರ್ಚಿಯ ಮೇಲೆ ಕುಳಿತ ಹೆಂಗಸು. ಒಂದು ಕೈಯಲ್ಲಿ ಉದ್ದದ ದಂಡ, ಇನ್ನೊಂದರಲ್ಲಿ ಎಲೆಗಳಿರುವ ಕೊಂಬೆ. ಸುತ್ತ ‘ಪೊಂಟಿಫ್ ಮ್ಯಾಕ್ಸಿಮ್’ ಎಂಬ ಅಕ್ಷರಗಳು. ಎಡಭಾಗದ ಎರಡು ಅಕ್ಷರಗಳು ಅಂಚಿನಾಚೆ ಹಾರಿಹೋಗಿವೆ.

ಬರಹದ ಅರ್ಥ ‘ಪ್ರಧಾನ ಪುರೋಹಿತ’ ಎಂದು ಮಗಳು ಹೇಳಿದಳು. ಪುರೋಹಿತ ಎಂದು ಬರೆದು ಹೆಂಗಸನ್ನು ಕೂರಿಸಿದ್ದು ಏಕೆ? ಅವಳು ದೇವತೆಯೋ, ರಾಣಿಯೋ? ಫೂರ್ವಿಯೇರ್ ಗುಡ್ಡದ ಮೇಲಿನ ವಸ್ತುಸಂಗ್ರಹಾಲಯಕ್ಕೂ ಹೋಗಿದ್ದೆವು. ಆಮೇಲೆ ಪುಸ್ತಕಗಳಲ್ಲಿ, ಚಿತ್ರಗಳಲ್ಲಿ ನೋಡುತ್ತ ಹೋದರೆ ಪ್ರತಿಯೊಂದು ರೋಮನ್ ನಾಣ್ಯದ ಬೆನ್ನೂ ಬೇರೆ ಬೇರೆ: ಗುರಾಣಿ ಹಿಡಿದ ಇಬ್ಬರು ಹುಡುಗರು, ಮೇಕೆಯ ತಲೆಗೆ ಮೀನಿನ ಬಾಲ, ಕೈಕುಲುಕುವ ಎರಡು ಕೈಗಳು, ಮೊಸಳೆ. ನಮ್ಮ ರೂಪಾಯಿಯ ಸಿಂಹಮುದ್ರೆಯನ್ನು ಯಾರೂ ಹೀಗೆ ಮನಬಂದಂತೆ ಬದಲಿಸುವುದಿಲ್ಲ. ಇದೆಲ್ಲ ಯಾರಿಗಾಗಿ? ತರಕಾರಿ ಕೊಳ್ಳುವವನು ನಾಣ್ಯವನ್ನು ಓದುತ್ತಿದ್ದನೇ? ಕೆನ್ನೆಯ ಗುಳಿಯ ಬಗ್ಗೆಯೂ ಯಾರಾದರೂ ಹೇಳಿ. ಮಗಳಿಗೆ ಮೋಸವಾಗಿದೆಯೇ ಎಂಬ ಹಳೆಯ ಸಂಶಯ ನನ್ನನ್ನು ಬಿಟ್ಟಿಲ್ಲ.

ಟಂಕಸಾಲೆ

ರಾಯರೇ, ಮೊದಲು ಸಮಾಧಾನದ ಮಾತು: ನಿಮ್ಮ ಮಗಳು ತಂದಿರುವುದು ಬಹಳ ಹೆಸರಾದ ನಾಣ್ಯ. ‘ಯಾರ ಮುಖ ಇದು?’ ಎಂದು ಯೇಸು ಕೇಳಿದ, ಕೈಸರನದನ್ನು ಕೈಸರನಿಗೆ ಕೊಡಿ ಎಂದ ಪ್ರಸಂಗದ ನಾಣ್ಯ ಇದೇ ಮಾದರಿಯದು ಎಂಬ ನಂಬಿಕೆ ಬಹಳ ಹಳೆಯದು. ಮುಂಬದಿಯ ಬರಹವನ್ನು ಬಿಡಿಸಿದರೆ ‘ದೇವರಾದ ಆಗಸ್ಟಸನ ಮಗ ಟೈಬೀರಿಯಸ್ ಸೀಸರ್ ಆಗಸ್ಟಸ್’ ಎಂದಾಗುತ್ತದೆ. ಅವನು ಹಿಂದಿನ ಸಾಮ್ರಾಟ ಆಗಸ್ಟಸನ ಹೊಟ್ಟೆಯ ಮಗನಲ್ಲ, ಆಗಸ್ಟಸನ ಹೆಂಡತಿ ಲಿವಿಯಾಳ ಮೊದಲ ಗಂಡನಿಂದಾದ ಮಗ, ಕ್ರಿ.ಶ. 4ರಲ್ಲಿ ದತ್ತು ತೆಗೆದುಕೊಂಡದ್ದು. ದತ್ತುಪುತ್ರನಿಗೆ ಅಪ್ಪನ ಹೆಸರನ್ನು ಹೇಳುವ ಅಗತ್ಯ ಹೆಚ್ಚು.

ಹಿಂಬದಿಯ ಹೆಂಗಸಿನ ಕೈಯಲ್ಲಿರುವುದು ಆಲಿವ್ ಕೊಂಬೆ, ಶಾಂತಿಯ ಗುರುತು. ಹಾಗಾಗಿ ಅವಳು ಶಾಂತಿದೇವತೆ ಪಾಕ್ಸ್. ಆದರೆ ಹೆಚ್ಚಿನವರು ಅವಳಲ್ಲಿ ಲಿವಿಯಾಳನ್ನು ಕಾಣುತ್ತಾರೆ: ದೇವತೆಯ ವೇಷದಲ್ಲಿರುವ ರಾಜಮಾತೆ. ಹೆಸರು ಬರೆಯದೆ ಬಿಟ್ಟದ್ದೇ ಜಾಣತನ. ಬೇಕಾದವರು ತಾಯಿಯನ್ನು ನೋಡಲಿ, ಬೇಡವಾದವರು ದೇವತೆಯನ್ನು ನೋಡಲಿ. ಕಥೆ ಕಹಿಯಾಗುವುದು ಆಮೇಲೆ. ತಾಯಿ–ಮಗನಿಗೆ ಸರಿಹೋಗಲಿಲ್ಲ. ಕ್ರಿ.ಶ. 26ರಲ್ಲಿ ಅವನು ರೋಮ್ ಬಿಟ್ಟು ಕಾಪ್ರಿ ದ್ವೀಪ ಸೇರಿದ. 29ರಲ್ಲಿ ಲಿವಿಯಾ ತೀರಿಕೊಂಡಾಗ ಅಂತ್ಯಕ್ರಿಯೆಗೂ ಬರಲಿಲ್ಲ. ಆದರೆ 37ರಲ್ಲಿ ಅವನು ಸಾಯುವವರೆಗೂ ಲುಗ್ಡುನಮ್ಮಿನ ಸುತ್ತಿಗೆ ಅದೇ ಹೆಂಗಸನ್ನು ಬೆಳ್ಳಿಯ ಮೇಲೆ ಒತ್ತುತ್ತಲೇ ಇತ್ತು.

ರೋಮನ್ ನಾಣ್ಯವನ್ನು ಓದಲು ನಾನು ಕಂಡುಕೊಂಡ ಒಂದು ದಾರಿ ಇದೆ. ಅದರ ಬೆನ್ನ ಮೇಲೆ ಏನನ್ನು ಜೋರಾಗಿ ಹೇಳಿದೆಯೋ, ಅದು ಹೇಳಿದವನ ಬಳಿ ಇರಲಿಲ್ಲವೇ ಎಂದು ಮೊದಲು ಕೇಳಿಕೊಳ್ಳುತ್ತೇನೆ. ನೀವು ನೋಡಿದ ಕೈಕುಲುಕುವ ಕೈಗಳು ಬಹುಶಃ ನೆರ್ವಾನವು. ಸುತ್ತ ‘ಸೈನ್ಯಗಳ ಸಾಮರಸ್ಯ’ ಎಂದಿರುತ್ತದೆ. ನೆರ್ವಾ ಗದ್ದುಗೆ ಏರಿದ್ದು ಕ್ರಿ.ಶ. 96ರಲ್ಲಿ, ಹಿಂದಿನ ಸಾಮ್ರಾಟ ಡೊಮಿಷಿಯನ್ನನ ಕೊಲೆಯಾದ ಮೇಲೆ. ಮರುವರ್ಷವೇ ಅವನ ಸ್ವಂತ ಕಾವಲುಪಡೆ ಅರಮನೆಗೆ ಮುತ್ತಿಗೆ ಹಾಕಿ, ಡೊಮಿಷಿಯನ್ನನನ್ನು ಕೊಂದವರನ್ನು ಒಪ್ಪಿಸುವಂತೆ ಮುದುಕನ ಕೊರಳಪಟ್ಟಿ ಹಿಡಿಯಿತು. ಸಾಮರಸ್ಯ ಇದ್ದದ್ದು ನಾಣ್ಯದ ಮೇಲೆ.

ಮೊದಲಿನಿಂದ ಹೀಗೇನೂ ಇರಲಿಲ್ಲ. ಡಿನೇರಿಯಸ್ ಹುಟ್ಟಿದ್ದು ಸುಮಾರು ಕ್ರಿ.ಪೂ. 211ರಲ್ಲಿ, ಕಾರ್ಥೇಜ್ ಎಂಬ ಶತ್ರುರಾಜ್ಯದ ಸೇನಾಪತಿ ಹ್ಯಾನಿಬಾಲನೊಡನೆ ಯುದ್ಧ ನಡೆಯುತ್ತಿದ್ದಾಗ. ಆಗ ಮುಂಬದಿಯಲ್ಲಿ ಶಿರಸ್ತ್ರಾಣ ತೊಟ್ಟ ರೋಮಾ ದೇವಿ, ಹಿಂಬದಿಯಲ್ಲಿ ಕುದುರೆಯೇರಿದ ಅವಳಿ ದೇವರು ಕ್ಯಾಸ್ಟರ್ ಮತ್ತು ಪೊಲಕ್ಸ್. ನಮ್ಮ ಅಶ್ವಿನೀದೇವತೆಗಳನ್ನು ನೆನೆಯಿರಿ, ಹೆಚ್ಚು ದೂರವಿಲ್ಲ. ಆಮೇಲೆ ಪ್ರತಿವರ್ಷ ಟಂಕಸಾಲೆಯ ಹೊಣೆ ಹೊತ್ತ ಮೂವರು ಯುವ ಅಧಿಕಾರಿಗಳು ತಮ್ಮ ಮನೆತನದ ಕೀರ್ತಿಯನ್ನು ತೂರಿಸಲು ಶುರುಮಾಡಿದರು. ಮೆಟೆಲಸ್ ಮನೆತನದವರು ಆನೆ ಹಾಕಿಸಿದರು, ಏಕೆಂದರೆ ಅವರ ಪೂರ್ವಜ ಕ್ರಿ.ಪೂ. 250ರಲ್ಲಿ ಸಿಸಿಲಿಯ ಪನೋರ್ಮಸ್ಸಿನಲ್ಲಿ ಕಾರ್ಥೇಜಿನ ಆನೆಗಳನ್ನು ಸೆರೆಹಿಡಿದಿದ್ದ. ಕೀರ್ತಿ ಇಲ್ಲದವರು ಶ್ಲೇಷೆಗೆ ಇಳಿದರು. ಲುಕ್ರೀಷಿಯಸ್ ಟ್ರಿಯೋ ಎಂಬವನು ಚಂದ್ರನ ಸುತ್ತ ಏಳು ನಕ್ಷತ್ರ ಹಾಕಿಸಿದ. ಲ್ಯಾಟಿನ್ನಿನಲ್ಲಿ ಸಪ್ತರ್ಷಿ ಮಂಡಲಕ್ಕೆ ‘ಸೆಪ್ಟೆಮ್ ಟ್ರಿಯೋನೆಸ್’ ಎಂದು ಹೆಸರು. ತನ್ನ ಅಡ್ಡಹೆಸರನ್ನು ಆಕಾಶದಲ್ಲಿ ಬರೆದುಕೊಂಡ ಪುಣ್ಯಾತ್ಮ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರೋಮಿನದಲ್ಲ, ರೋಮಿನ ಮೇಲೆ ದಂಗೆ ಎದ್ದವರದು. ಕ್ರಿ.ಪೂ. 91ರಲ್ಲಿ ಇಟಲಿಯ ಮಿತ್ರ ಜನಾಂಗಗಳು ಪೌರತ್ವದ ಪ್ರಶ್ನೆಗೆ ತಿರುಗಿಬಿದ್ದಾಗ ಡಿನೇರಿಯಸ್ಸಿನ ಅಳತೆಯಲ್ಲಿಯೇ ತಮ್ಮ ಬೆಳ್ಳಿ ನಾಣ್ಯ ಹೊಡೆದರು. ಅದರಲ್ಲಿ ಗೂಳಿಯೊಂದು ತೋಳವನ್ನು ಕೊಂಬಿನಿಂದ ತಿವಿಯುತ್ತಿದೆ, ಬರಹ ಇಟಲಿಯ ಹಳೆಯ ಓಸ್ಕನ್ ಲಿಪಿಯಲ್ಲಿದೆ. ತೋಳ ರೋಮ್, ಗೂಳಿ ಇಟಲಿ. ಇಟಲಿ ಎಂಬ ಹೆಸರನ್ನೇ ಅವರು ಕರುವಿಗೆ ಸಂಬಂಧಿಸಿದ ಪದಕ್ಕೆ ಜೋಡಿಸುತ್ತಿದ್ದರು. ಓದು ಬಾರದವನಿಗೂ ಇದು ಅರ್ಥವಾಗದೆ ಇರುತ್ತದೆಯೇ?

ಇತಿಹಾಸದ ಮೇಷ್ಟ್ರು

ಟಂಕಸಾಲೆಯವರ ಬರಹ ಸೊಗಸಾಗಿದೆ, ಆದರೆ ಅವರು ಎಲ್ಲ ನಾಣ್ಯದಲ್ಲೂ ಒಳಸಂಚು ಕಾಣುತ್ತಾರೆ. ಟೈಬೀರಿಯಸನ ವಿಷಯದಲ್ಲಿ ನನ್ನ ತಕರಾರು ಇದೆ. ಆ ಕುಳಿತ ಹೆಂಗಸನ್ನು ಅವನು ಆರಿಸಿದ್ದಲ್ಲ. ಆಗಸ್ಟಸನ ಕೊನೆಯ ದಿನಗಳಲ್ಲಿ, ಕ್ರಿ.ಶ. 13–14ರ ಹೊತ್ತಿಗೆ, ಲುಗ್ಡುನಮ್ಮಿನಲ್ಲಿ ಅದೇ ಹೆಂಗಸು, ಅದೇ ‘ಪ್ರಧಾನ ಪುರೋಹಿತ’ ಬರಹದೊಂದಿಗೆ ಬಂದಾಗಿತ್ತು. ಟೈಬೀರಿಯಸ್ ಅದನ್ನು ಮುಂದುವರಿಸಿದ, ಅಷ್ಟೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬದಲಾದದ್ದು ಏನು ಗೊತ್ತೇ? ಕುರ್ಚಿಯ ಕಾಲು! ಕೆಲವದರಲ್ಲಿ ಸಾದಾ ಕಾಲು, ಕೆಲವದರಲ್ಲಿ ಕಡೆದ ಕಾಲು. ಕೆಳಗೆ ಒಂದು ಗೆರೆ ಅಥವಾ ಎರಡು ಗೆರೆ. ತಾಯಿಯ ಮೇಲಿನ ಕೋಪ ಪ್ರೀತಿಗಳನ್ನು ಇದರಲ್ಲಿ ಹುಡುಕುವುದು ಹೆಚ್ಚಾಯಿತು. ಸೈನಿಕನಿಗೆ ಸಂಬಳ ಕೊಡಬೇಕು, ವ್ಯಾಪಾರಿ ನಂಬಬೇಕು. ನಂಬಿಕೆ ಬಂದ ಚಿತ್ರವನ್ನು ಕೆಡಿಸುವುದೇಕೆ?

‘ಯಾರು ಓದುತ್ತಿದ್ದರು’ ಎಂಬ ರಾಯರ ಪ್ರಶ್ನೆಯೇ ಸರಿಯಾದದ್ದು. ಚಿತ್ರಗಳನ್ನು ಗಮನಿಸಿದ್ದಕ್ಕೆ ಆ ಕಾಲದವರ ಬರಹಗಳಲ್ಲಿ ಸಿಗುವ ಸಾಕ್ಷ್ಯ ಅಲ್ಲೊಂದು ಇಲ್ಲೊಂದು. ಅದರಲ್ಲಿ ಗಟ್ಟಿಯಾದದ್ದು ಬ್ರೂಟಸನ ನಾಣ್ಯ. ಜೂಲಿಯಸ್ ಸೀಸರನನ್ನು ಕೊಂದ ಮೇಲೆ, ಕ್ರಿ.ಪೂ. 43–42ರಲ್ಲಿ, ತನ್ನ ಸೈನ್ಯಕ್ಕಾಗಿ ಹೊಡೆಸಿದ್ದು: ಎರಡು ಕಠಾರಿ, ನಡುವೆ ಬಿಡುಗಡೆಯಾದ ಗುಲಾಮ ತೊಡುವ ಟೋಪಿ, ಕೆಳಗೆ ಕೊಲೆಯ ದಿನದ ಹೆಸರು, ಮಾರ್ಚ್ ತಿಂಗಳ ‘ಈಡ್ಸ್’, ಅಂದರೆ 15ನೆಯ ದಿನ. ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಬರೆದ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಈ ನಾಣ್ಯವನ್ನು ವರ್ಣಿಸಿ ಅರ್ಥವನ್ನೂ ಹೇಳುತ್ತಾನೆ. ತಮಾಷೆಯೆಂದರೆ ಇದರ ಮುಂಬದಿಯಲ್ಲಿರುವುದು ಬ್ರೂಟಸನದೇ ಮುಖ. ಬದುಕಿರುವಾಗಲೇ ರೋಮಿನ ನಾಣ್ಯಕ್ಕೆ ತನ್ನ ಮುಖ ಹಾಕಿಸಿ ಅರಸನಂತೆ ಮೆರೆದ ಎಂಬುದು ಸೀಸರನ ಮೇಲಿದ್ದ ದೂರುಗಳಲ್ಲಿ ಒಂದು. ಹೆಚ್ಚು ದಿನ ಆಗಲಿಲ್ಲ, ಕೊಂದವನೂ ಅದನ್ನೇ ಮಾಡಿದ.

ಮೃಗಶಿರಾ

ಮೇಕೆ–ಮೀನಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅದು ಮಕರ ರಾಶಿ. ಗ್ರೀಕರಿಂದ ಬಂದ ರಾಶಿಚಕ್ರದಲ್ಲಿ ಅದು ಮುಂದೆ ಮೇಕೆ, ಹಿಂದೆ ಮೀನು. ನಮ್ಮಲ್ಲಿ ದೇವಸ್ಥಾನದ ಮಕರತೋರಣದ ಪ್ರಾಣಿಯಾಯಿತು. ಆಗಸ್ಟಸ್ ತನ್ನ ಜಾತಕವನ್ನು ಬಹಿರಂಗಪಡಿಸಿ, ಮಕರದ ಗುರುತಿನ ಬೆಳ್ಳಿ ನಾಣ್ಯ ಹೊಡೆಸಿದನೆಂದು ಸಾಮ್ರಾಟರ ಜೀವನಚರಿತ್ರೆ ಬರೆದ ಸ್ಯೂಟೋನಿಯಸ್ ಹೇಳಿದ್ದಾನೆ. ಹುಟ್ಟಿದ್ದು ಸೆಪ್ಟೆಂಬರ್ 23, ಸೂರ್ಯನ ಲೆಕ್ಕಕ್ಕೆ ತುಲಾ. ಹಾಗಾದರೆ ಮಕರವೇಕೆ? ಹುಟ್ಟಿದಾಗ ಚಂದ್ರ ಮಕರದಲ್ಲಿದ್ದ ಎಂಬುದು ಒಂದು ವಿವರಣೆ, ಗರ್ಭದಲ್ಲಿ ನಿಂತ ತಿಂಗಳ ಲೆಕ್ಕ ಎಂಬುದು ಇನ್ನೊಂದು. ಚಂದ್ರರಾಶಿ ನೋಡುವ ನಮ್ಮ ಪಂಚಾಂಗದವರು ಮೊದಲನೆಯದನ್ನೇ ಒಪ್ಪುತ್ತಾರೆ ಬಿಡಿ. ಮಕರದ ಕಾಲಲ್ಲಿ ಭೂಗೋಳ ಮತ್ತು ಚುಕ್ಕಾಣಿ, ಬೆನ್ನ ಮೇಲೆ ಹಣ್ಣು ತುಂಬಿದ ಕೊಂಬು. ಲೋಕ ನನ್ನ ಹಿಡಿತದಲ್ಲಿದೆ, ದಾರಿ ನನ್ನದು, ಸಮೃದ್ಧಿ ನಿಮಗೆ. ಇದನ್ನೆಲ್ಲ ಒಂದು ಗುಂಡಿಯಷ್ಟು ಜಾಗದಲ್ಲಿ ಕೆತ್ತಿದವನ ಹೆಸರು ಮಾತ್ರ ಎಲ್ಲೂ ಇಲ್ಲ.

ಮೊಸಳೆ ಈಜಿಪ್ಟನ್ನು ಗೆದ್ದದ್ದಕ್ಕೆ. ಅದರ ಮೇಲೆ ಕೆಳಗೆ ‘ಈಜಿಪ್ಟ್ ವಶವಾಯಿತು’ ಎಂದೇ ಬರೆದಿದೆ. ಅಲ್ಲಿ ಗೂಢ ಏನೂ ಇಲ್ಲ.

ಲಕ್ಷ್ಮೀಕಟಾಕ್ಷ

ನಮಸ್ಕಾರ. ನಮ್ಮ ಸಂಬಂಧಿಕರ ಹೊಲದಲ್ಲಿ ಬಾವಿ ತೋಡುವಾಗ ಇಂಥವೇ ಕೆಲವು ಸಿಕ್ಕಿವೆ. ಒಂದಕ್ಕೆ ಎಷ್ಟು ಬರಬಹುದು? ಖಾಸಗಿಯಾಗಿ ತಿಳಿಸಿ.

ಟಂಕಸಾಲೆ

ಖಾಸಗಿಯಾಗಿ ತಿಳಿಸುವಂಥದ್ದು ಏನೂ ಇಲ್ಲ. ನೆಲದಲ್ಲಿ ಸಿಕ್ಕಿದ್ದು ನಿಧಿ. ಜಿಲ್ಲಾಧಿಕಾರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಅಪರಾಧ. ಮಡಕೆ ಸಿಕ್ಕಿದ್ದರೆ ಅದನ್ನೂ ಎಸೆಯಬೇಡಿ. ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದೇ ಅದರ ನಿಜವಾದ ಬೆಲೆ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ.

ಒರೆಗಲ್ಲು

ನಾನು ಬೆಳ್ಳಿ ಕೆಲಸದವನು, ಅಪ್ಪನ ಕಾಲದಿಂದ. ಲ್ಯಾಟಿನ್ ನನಗೆ ಬಾರದು, ಲೋಹದ ಮಾತು ಹೇಳಬಲ್ಲೆ.

ಕೆನ್ನೆಯ ಗುಳಿಗೆ ಹೆದರಬೇಡಿ, ಅದು ಹಳೆಯ ಚಿನಿವಾರರ ಕೆಲಸ. ಹಣ ಬದಲಿಸಿಕೊಡುವವರು ಪುಟ್ಟ ಉಳಿಯಿಂದ ಹೀಗೆ ಒತ್ತಿ ನೋಡುತ್ತಿದ್ದರು. ಏಕೆಂದರೆ ತಾಮ್ರದ ಬಿಲ್ಲೆಗೆ ಬೆಳ್ಳಿಯ ತೆಳು ತಗಡು ಸುತ್ತಿ, ಕಾಯಿಸಿ, ಅಚ್ಚು ಹೊಡೆದ ಮೋಸದ ನಾಣ್ಯಗಳು ಆಗಲೂ ಧಾರಾಳವಾಗಿದ್ದವು. ಗುಳಿಯ ತಳದಲ್ಲಿ ಕೆಂಪು ಅಥವಾ ಹಸಿರು ಕಂಡರೆ ತಾಮ್ರ. ಫೋಟೋದಲ್ಲಿ ನಿಮಗೆ ಬಿಳಿಯೇ ಕಂಡಿದ್ದರೆ, ಎರಡು ಸಾವಿರ ವರ್ಷದ ಹಿಂದೆಯೇ ಯಾರೋ ನಿಮ್ಮ ಕೆಲಸ ಮಾಡಿ ಮುಗಿಸಿದ್ದಾರೆ ಎಂದು ತಿಳಿಯಿರಿ. ಈ ಕೆಲಸಕ್ಕೆ ರೋಮಿನಲ್ಲಿ ಎಷ್ಟು ಬೆಲೆ ಇತ್ತೆಂದರೆ, ಕ್ರಿ.ಪೂ. 80ರ ದಶಕದಲ್ಲಿ ಮಾರಿಯಸ್ ಗ್ರಾಟಿಡಿಯಾನಸ್ ಎಂಬ ಅಧಿಕಾರಿ ಡಿನೇರಿಯಸ್ ಪರೀಕ್ಷೆಗೆ ಕ್ರಮ ತಂದಾಗ ಜನರು ಬೀದಿಬೀದಿಯಲ್ಲಿ ಅವನ ಪ್ರತಿಮೆ ನಿಲ್ಲಿಸಿ ಧೂಪ, ದೀಪ ಹಚ್ಚಿದರಂತೆ. ಇದನ್ನು ಓದಿದ ದಿನ ಅಂಗಡಿಯಲ್ಲಿ ಒಬ್ಬನೇ ನಕ್ಕಿದ್ದೆ. ಒರೆ ಹಚ್ಚಿದವನಿಗೆ ಪೂಜೆ! ಪಾಪ, ಕೆಲವೇ ವರ್ಷಗಳಲ್ಲಿ ಅವನ ಎದುರು ಪಕ್ಷದ ಸೇನಾನಿ ಸುಲ್ಲಾನ ಕಡೆಯವರು ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದರು.

ಅಕ್ಷರ ಅಂಚಿನಾಚೆ ಹೋದದ್ದು ಸಹಜ. ಒಂದು ಅಚ್ಚು ಅಡಿಗಲ್ಲಿನಲ್ಲಿ ಕೂತಿರುತ್ತದೆ, ಇನ್ನೊಂದು ಕೈಯಲ್ಲಿ. ನಡುವೆ ಕಾದ ಬಿಲ್ಲೆ, ಮೇಲೊಂದು ಸುತ್ತಿಗೆ ಏಟು. ಕೈ ಒಂದು ಕೂದಲಷ್ಟು ಸರಿದರೂ ಚಿತ್ರ ಸರಿಯುತ್ತದೆ. ಮೇಲಿನ ಅಚ್ಚು ನೇರವಾಗಿ ಏಟು ತಿನ್ನುವುದರಿಂದ ಬೇಗ ಒಡೆಯುತ್ತದೆ, ಆದ್ದರಿಂದ ಸಾಮ್ರಾಟನ ಮುಖವನ್ನು ಕೆಳಗೆ, ಭದ್ರವಾಗಿ ಇಡುತ್ತಿದ್ದರು. ಏಟು ತಿಂದದ್ದು ಹಿಂಬದಿಯ ಹೆಂಗಸು.

ಈ ಸಲಕರಣೆಗಳನ್ನೇ ಚಿತ್ರವಾಗಿ ಹಾಕಿದ ಒಂದು ಡಿನೇರಿಯಸ್ ಇದೆ, ಕ್ರಿ.ಪೂ. 46ರ ಕಾರಿಸಿಯಸ್ ಎಂಬವನದು. ಒಂದು ಕಡೆ ಮೊನೇಟಾ ದೇವಿ. ಅವಳ ಗುಡಿಯ ಬಳಿಯೇ ರೋಮಿನ ಟಂಕಸಾಲೆ ಇತ್ತು, ಇಂಗ್ಲಿಷಿನ ‘ಮನಿ’ ಬಂದದ್ದೂ ಅವಳ ಹೆಸರಿನಿಂದ. ಇನ್ನೊಂದು ಕಡೆ ಇಕ್ಕಳ, ಅಡಿಗಲ್ಲು, ಸುತ್ತಿಗೆ. ರಾಜರ ಮುಖಗಳ ನಡುವೆ ನಮ್ಮವರ ಕೈಯ ಗುರುತು ಇರುವುದು ಅದೊಂದರಲ್ಲಿ ಎಂದು ನನಗೆ ಅನ್ನಿಸುತ್ತದೆ. ಅದರ ಅಚ್ಚಿನ ನಕಲನ್ನು ಮೇಣದಲ್ಲಿ ಮಾಡಲು ಹೋಗಿ ಮೂರು ಸಲ ಸೋತೆ. ಇಕ್ಕಳದ ಕಾಲು ಕೂದಲಷ್ಟು ಸಪುರ.

ಇತಿಹಾಸದ ಮೇಷ್ಟ್ರು

ಒರೆಗಲ್ಲು ಅವರು ಹೇಳಿದ ಪರೀಕ್ಷೆಯ ಮಾತಿಗೆ ನಮ್ಮ ನೆಲದ ಕೊಂಡಿಯೂ ಇದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ಡಿನೇರಿಯಸ್ ಸಿಕ್ಕಿದವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ಸಿಕ್ಕಿದೆ. ದಕ್ಷಿಣ ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿಯಲ್ಲಿ ಬಹುಪಾಲು ಎರಡೇ ಮಾದರಿ: ರಾಯರ ಕುಳಿತ ಹೆಂಗಸು, ಮತ್ತು ಗುರಾಣಿ ಹಿಡಿದ ಇಬ್ಬರು ಹುಡುಗರು. ಆ ಹುಡುಗರು ಆಗಸ್ಟಸನ ಮೊಮ್ಮಕ್ಕಳು ಗಾಯಸ್ ಮತ್ತು ಲೂಷಿಯಸ್. ಅವರನ್ನು ದತ್ತು ತೆಗೆದುಕೊಂಡು ಉತ್ತರಾಧಿಕಾರಿಗಳೆಂದು ಸಾರಲು ಹೊಡೆಸಿದ ನಾಣ್ಯ. ಲೂಷಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ 4ರಲ್ಲಿ ಸತ್ತರು. ಸಾರಿದ ಸುದ್ದಿ ಸುಳ್ಳಾದ ಮೇಲೂ ಬೆಳ್ಳಿ ಕಡಲು ದಾಟಿ ಇಲ್ಲಿ ಕೈಯಿಂದ ಕೈಗೆ ಓಡಾಡಿತು. ಇಲ್ಲಿನವರಿಗೆ ಆ ಹುಡುಗರು ಯಾರೆಂಬುದರ ಗೊಡವೆ ಇರಲಿಲ್ಲ. ಆ ಚಿತ್ರ ಇದ್ದರೆ ಬೆಳ್ಳಿ ಒಳ್ಳೆಯದು ಎಂಬುದಷ್ಟೇ ಬೇಕಿತ್ತು. ಕ್ರಿ.ಶ. 64ರಲ್ಲಿ ಸಾಮ್ರಾಟ ನೀರೋ ಡಿನೇರಿಯಸ್ಸಿನ ತೂಕ ಇಳಿಸಿದ. ಮೊದಲು ಒಂದು ರೋಮನ್ ಪೌಂಡ್ ತೂಕಕ್ಕೆ 84 ನಾಣ್ಯ ಇದ್ದದ್ದು 96 ಆಯಿತು, ಬೆಳ್ಳಿಯ ಶುದ್ಧತೆಯೂ ಕುಸಿಯಿತು. ಇಲ್ಲಿ ಹೆಚ್ಚಾಗಿ ಸಿಗುವುದು ಅದಕ್ಕೂ ಹಿಂದಿನ ನಾಣ್ಯಗಳೇ.

ರೋಮಿನ ಲೇಖಕ ಪ್ಲಿನಿ ಹೇಳುವ ಒಂದು ಕಥೆ ಇದೆ. ಸಾಮ್ರಾಟ ಕ್ಲಾಡಿಯಸನ ಕಾಲದಲ್ಲಿ ಕೆಂಪು ಸಮುದ್ರದ ತೆರಿಗೆ ಗುತ್ತಿಗೆದಾರನ ಕಡೆಯವನೊಬ್ಬ ಗಾಳಿಗೆ ಸಿಕ್ಕಿ ಸಿಂಹಳದ ತೀರಕ್ಕೆ ಬಂದು ಬಿದ್ದ. ಅವನ ಬಳಿ ಇದ್ದ ಡಿನೇರಿಯಸ್‌ಗಳನ್ನು ಅಲ್ಲಿನ ಅರಸ ನೋಡಿದ. ಮುಖಗಳು ಬೇರೆ ಬೇರೆ, ಅಂದರೆ ಹೊಡೆಸಿದವರು ಹಲವರು. ಆದರೆ ತೂಕ ಮಾತ್ರ ಒಂದೇ. ಇಂಥವರು ನ್ಯಾಯವಂತರಿರಬೇಕೆಂದು ಮೆಚ್ಚಿ ರೋಮಿಗೆ ದೂತರನ್ನು ಕಳುಹಿಸಿದ.

ನಿವೃತ್ತ ಕ್ಯಾಷಿಯರ್

ಎಲ್ಲರಿಗೂ ಕೃತಜ್ಞ. ಆ ಸಿಂಹಳದ ಅರಸ ನನ್ನ ಕೌಂಟರಿನವನೇ. ಮುಖ ನೋಡಿ, ಆಮೇಲೆ ತಕ್ಕಡಿ ನೋಡಿ, ಎರಡನ್ನೂ ಕೂಡಿಸಿ ತೀರ್ಮಾನಕ್ಕೆ ಬಂದವನು. ಯಶವಂತಪುರದಲ್ಲಿ ಎಷ್ಟು ಸಲ ರೈಲು ಇಳಿದಿದ್ದೇನೋ, ಲೆಕ್ಕವಿಲ್ಲ. ಕಾಲಡಿಯಲ್ಲಿ ಇಂಥದ್ದು ಇತ್ತೆಂದು ಯಾರೂ ಹೇಳಿರಲಿಲ್ಲ.

ನಿನ್ನೆ ರಾತ್ರಿ ವೀಡಿಯೊ ಕರೆಯಲ್ಲಿ ಮಗಳಿಗೆ ನಾಣ್ಯವನ್ನು ದೀಪದ ಹತ್ತಿರ ಹಿಡಿಯಲು ಹೇಳಿದೆ. ಗುಳಿಯ ತಳ ಬಿಳಿಯೇ. ಕುರ್ಚಿಯ ಕಾಲು ಕಡೆದದ್ದು, ಕೆಳಗೆ ಒಂದೇ ಗೆರೆ. ಮೇಷ್ಟ್ರು ಬೇಕಾದರೆ ಬರೆದುಕೊಳ್ಳಲಿ. ಟಂಕಸಾಲೆಯವರ ಮಾತೂ ಮೇಷ್ಟ್ರ ಮಾತೂ ಎರಡೂ ನನಗೆ ಸರಿ ಕಾಣುತ್ತಿವೆ, ಇದು ಕ್ಯಾಷಿಯರನಿಗೆ ಒಳ್ಳೆಯ ಲಕ್ಷಣವಲ್ಲ. ಚಿತ್ರವನ್ನು ಹಳೆಯ ಸಾಮ್ರಾಟನೇ ಆರಿಸಿರಬಹುದು. ಆದರೂ ಹೊಸಬನಿಗೆ ಅದನ್ನು ತೆಗೆಸಲು ಇಪ್ಪತ್ತು ವರ್ಷ ಇತ್ತು, ತೆಗೆಸಲಿಲ್ಲ. ಬೇಡವೆನ್ನಿಸಿದರೂ ಕೈಬಿಡಲಾಗದ ಜಂಟಿ ಖಾತೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪಕ್ಕದಲ್ಲಿ ಕೂತು ಅವರೆಕಾಳು ಚಿಲಕುತ್ತಿದ್ದ ನನ್ನ ಹೆಂಡತಿಗೆ ಇದನ್ನೆಲ್ಲ ಓದಿ ಹೇಳಿದೆ. ಲಿವಿಯಾಳ ಅಂತ್ಯಕ್ರಿಯೆಯ ಭಾಗಕ್ಕೆ ಬಂದಾಗ ಅವಳು ಕೈ ನಿಲ್ಲಿಸಿ, ಫೋನಿನ ಕಡೆ ಬಾಗಿ ಮಗಳಿಗೆ ಹೇಳಿದಳು: ‘ಆ ನಾಣ್ಯವನ್ನು ಡಬ್ಬಿಯಲ್ಲಿ ಮಗುಚಿ ಇಡು. ಅಮ್ಮ ಮೇಲಿರಲಿ.’